ಬತ್ತು (ಕ್ರಿಯಾಪದ)

ಬತ್ತು ಎಂಬುದು ಕನ್ನಡದ ಒಂದು ಅಕರ್ಮಕ ಕ್ರಿಯಾಪದ. ಒಂದು ನೆಲೆಯಲ್ಲಿ ತುಂಬಿಕೊಂಡಿದ್ದ ಅಥವಾ ಒಸರುತ್ತಿದ್ದ ದ್ರವವು ಕ್ರಮೇಣ ಕಡಿಮೆಯಾಗಿ ಇಲ್ಲವಾಗುವುದು ಇದರ ಮೂಲಾರ್ಥ. ಬತ್ತಿತು, ಬತ್ತುವ, ಬತ್ತಿದ, ಬತ್ತದ ಎಂಬವು ಬಳಕೆಯ ರೂಪಗಳು. ಪ್ರೇರಣಾರ್ಥಕ ರೂಪ ಬತ್ತಿಸು.

ವ್ಯುತ್ಪತ್ತಿ

ಇದು ದ್ರಾವಿಡ ಮೂಲದ ಪದ. ತಮಿಳಿನ 'ವಱ್ಱು' ಇದರ ಜ್ಞಾತಿಪದ. ಪದಾದಿಯ ವಕಾರವು ಕನ್ನಡದಲ್ಲಿ ಬಕಾರವಾಗುವುದಕ್ಕೆ ವೇರ್–ಬೇರು, ಱ್ಱ ಎಂಬುದು ತ್ತ ಆಗುವುದಕ್ಕೆ ಸುಱ್ಱು–ಸುತ್ತು ಸಾಮ್ಯಗಳಾಗಿವೆ. ದೀಪದ 'ಬತ್ತಿ'ಗೂ ಈ ಧಾತುವಿಗೂ ಸಂಬಂಧವಿಲ್ಲ. ಅದು ಸಂಸ್ಕೃತದ 'ವರ್ತಿ'ಯ ತದ್ಭವ.

ಅರ್ಥವ್ಯಾಪ್ತಿ

ಇಂಗ್ಲಿಷಿನ 'ಡ್ರೈ' ಎಂಬ ಒಂದೇ ಕ್ರಿಯಾಪದವು ಬಟ್ಟೆಗೂ ಬಾವಿಗೂ ಸಲ್ಲುತ್ತದೆ. ಬಾವಿಗಾದರೆ 'ಡ್ರೈ ಅಪ್' ಎಂದು ಒಂದು ಅವ್ಯಯ ಸೇರುವುದುಂಟು. ಕನ್ನಡದಲ್ಲಿ ಧಾತುವೇ ಬೇರೆ. ಒದ್ದೆಯಾದ ವಸ್ತು ಉಳಿದು ತೇವ ಮಾತ್ರ ಹೋದರೆ ಅದು ಒಣಗುತ್ತದೆ. ನೀರು ನೆಲದೊಳಗೆ ಇಳಿದರೆ ಇಂಗುತ್ತದೆ. ಬತ್ತುವುದು ನೀರೂ ಹೌದು, ನೀರಿನ ನೆಲೆಯೂ ಹೌದು: 'ನೀರು ಬತ್ತಿತು', 'ಬಾವಿ ಬತ್ತಿತು' ಎರಡೂ ಸಾಧು. 'ಬಟ್ಟೆ ಬತ್ತಿತು' ಎಂದು ಯಾರೂ ಹೇಳುವುದಿಲ್ಲ.

ಹಾಲಿನ ವಿಷಯದಲ್ಲಿ ಈ ಭೇದಗಳು ಸ್ಪಷ್ಟವಾಗಿ ಕಾಣುತ್ತವೆ. 'ಹಾಲು ಆರಿತು' ಎಂದರೆ ತಣ್ಣಗಾಯಿತು ಎಂದರ್ಥ. 'ಹಾಲು ಬತ್ತಿತು' ಎಂಬುದು ಒಲೆಯ ಮೇಲಿನ ಪಾತ್ರೆಯ ಮಾತಾದರೆ ಕುದಿದು ಕಡಿಮೆಯಾಯಿತೆಂದೂ ಕೊಟ್ಟಿಗೆಯ ಮಾತಾದರೆ ಹಸು ಹಾಲು ಕೊಡುವುದನ್ನು ನಿಲ್ಲಿಸಿತೆಂದೂ ಅರ್ಥವಾಗುತ್ತದೆ. ಹಸು ಕರು ಹಾಕುವ ಸುಮಾರು 2 ತಿಂಗಳು ಮೊದಲು ಕರೆಯುವುದನ್ನು ನಿಲ್ಲಿಸುವುದಕ್ಕೆ 'ಹಾಲು ಬತ್ತಿಸುವುದು' ಎನ್ನುತ್ತಾರೆ.

ಬಾಗಲಕೋಟೆ ಜಿಲ್ಲೆಯ ತೇರದಾಳ, ರಬಕವಿ–ಬನಹಟ್ಟಿ, ಮಹಾಲಿಂಗಪುರ ಭಾಗದ ಎರಡು ಬೆಳೆಗಳಲ್ಲಿಯೂ ಇದೇ ವ್ಯತ್ಯಾಸವಿದೆ. ಬೆಲ್ಲಕ್ಕಾಗಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ ಬತ್ತಿಸಬೇಕು. ಅರಿಸಿನವನ್ನು ಬೇಯಿಸಿ ಬಿಸಿಲಿಗೆ ಹರಡಿ ಒಣಗಿಸಬೇಕು.

ಕೃಷ್ಣಾ ತೀರದ ಬಳಕೆ

ಈ ಸೀಮೆಯಲ್ಲಿ ಕೃಷ್ಣೆಗೆ 'ಹೊಳಿ' ಎಂದೇ ಹೆಸರು. ಬೇಸಿಗೆಯಲ್ಲಿ 'ಹೊಳಿ ಬತ್ತೈತಿ' ಎಂಬ ಮಾತು ಕುಡಿಯುವ ನೀರು, ಕಬ್ಬು, ಜಾನುವಾರು ಎಲ್ಲವನ್ನೂ ಒಳಗೊಂಡಿರುತ್ತದೆ. ಹಿಪ್ಪರಗಿ ಬ್ಯಾರೇಜಿನಲ್ಲಿ ನೀರು ಕಡಿಮೆಯಾದ ವರ್ಷಗಳಲ್ಲಿ ಕೊಯ್ನಾ ಜಲಾಶಯದಿಂದ ನೀರು ಬಿಡುವಂತೆ ಕರ್ನಾಟಕವು ಮಹಾರಾಷ್ಟ್ರವನ್ನು ಕೋರಿದ್ದುಂಟು. ಬತ್ತುವ ಹೊಳೆಗೆ ರೈತರೇ ಕಂಡುಕೊಂಡ ಪರಿಹಾರ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಬ್ಯಾರೇಜ್. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಹಣ ಕೂಡಿಸಿ, ತಾವೇ ದುಡಿದು 1989ರಲ್ಲಿ ಕಟ್ಟಿದ ಇದಕ್ಕೆ 'ಶ್ರಮಬಿಂದು ಸಾಗರ' ಎಂದು ಹೆಸರು. ನ್ಯಾಮಗೌಡರು 'ಬ್ಯಾರೇಜ್ ಸಿದ್ದು' ಎಂದೇ ಪ್ರಸಿದ್ಧರಾದರು.

ಇತ್ತೀಚಿನ ಬರಹಗಳಲ್ಲಿ 'ನದಿ ಒಣಗಿತು' ಎಂಬ ಪ್ರಯೋಗವೂ ಹೆಚ್ಚುತ್ತಿದೆ. ಇದು ತಪ್ಪಲ್ಲ, ಆದರೆ ಮರಳು ಕಾಣುವ ಪಾತ್ರದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಹರಿವು ನಿಂತು, ಮಡುವು ಕುಗ್ಗಿ, ಒರತೆ ಸೋತ ಕ್ರಮ 'ಬತ್ತಿತು' ಎಂಬಲ್ಲಿ ಮಾತ್ರ ಉಂಟು.

ಲಾಕ್ಷಣಿಕ ಪ್ರಯೋಗ

ಕಣ್ಣೀರು, ಉತ್ಸಾಹ, ಕರುಣೆ ಇವು ಬತ್ತುತ್ತವೆ. ಮನಸ್ಸಿನಲ್ಲಿ ಇವಕ್ಕೊಂದು ಸೆಲೆಯಿದೆಯೆಂಬ ಕಲ್ಪನೆ ಇದರ ಹಿಂದಿದೆ. 'ಬತ್ತಿದ ಕೆನ್ನೆ' ಎಂದರೆ ಮಾಂಸ ಕರಗಿ ಒಳಸೇರಿದ ಕೆನ್ನೆ. 'ಬತ್ತದ ಸೆಲೆ', 'ಬತ್ತದ ತೊರೆ' ಎಂಬ ನಿಷೇಧರೂಪದ ನುಡಿಗಟ್ಟುಗಳು ಪ್ರಶಂಸೆಯಲ್ಲಿ ಬಳಕೆಯಾಗುತ್ತವೆ.