ತಲಪರಿಗೆ: ಅಸಲನ್ನು ಮುಟ್ಟದ ನೀರಾವರಿ

ಕ್ಯಾತಗಾನಚೆರ್ಲು ಗ್ರಾಮವಿರುವ ಪಾವಗಡ ಸೀಮೆಯೂ ಅದರ ನೆರೆಯ ಮಧುಗಿರಿ, ಶಿರಾ, ಕೊರಟಗೆರೆ ಪ್ರದೇಶಗಳೂ ಬಂಡೆಗುಡ್ಡಗಳ ಬಯಲುನಾಡು. ತೆಲುಗಿನಲ್ಲಿ ಚೆರುವು ಎಂದರೆ ಕೆರೆ. ಊರಿನ ಹೆಸರಿನಲ್ಲಿಯೇ ಅದರ ಧ್ವನಿಯಿದೆ. ಮಳೆ ಅಲ್ಪವಾದ ಈ ನೆಲದಲ್ಲಿ ಹಿರಿಯರು ಗದ್ದೆ, ತೋಟಗಳನ್ನು ಮಾಡಲು ಕೆರೆಗಳೊಡನೆ ನೆರವಾದ ಮತ್ತೊಂದು ವ್ಯವಸ್ಥೆ ತಲಪರಿಗೆ.

ಜಯಮಂಗಲಿ, ಉತ್ತರ ಪಿನಾಕಿನಿಗಳೂ ಅವುಗಳನ್ನು ಸೇರುವ ಹಳ್ಳಗಳೂ ವರ್ಷದ ಬಹುಕಾಲ ಬತ್ತಿರುತ್ತವೆ. ಆದರೆ ಅವುಗಳ ಮರಳು ಮಳೆನೀರನ್ನು ಹೀರಿ ಒಡಲಲ್ಲಿ ಇರಿಸಿಕೊಳ್ಳುತ್ತದೆ. ಬಿಸಿಲು ತಾಗದ ಆ ನೀರು ಬೇಗ ಆವಿಯಾಗುವುದಿಲ್ಲ. ಮರಳೇ ಅದನ್ನು ಸೋಸುತ್ತದೆ. ನೀರು ತಾನಾಗಿ ಜಿನುಗುವ ಎಡೆಯನ್ನು ಗುರುತಿಸಿ, ಅಲ್ಲಿ ತೋಡಿ, ಕಾಲುವೆಯ ಮೂಲಕ ಕೆರೆಗೋ ಗದ್ದೆಗೋ ಹರಿಸುವುದೇ ತಲಪರಿಗೆಯ ಕ್ರಮ. ನೆಲದ ಇಳಿಜಾರೇ ನೀರನ್ನು ಒಯ್ಯುತ್ತಿತ್ತು. ಊರವರು ಒಟ್ಟುಗೂಡಿ ಹೂಳು ತೆಗೆಯುತ್ತಿದ್ದರು. ಸರದಿಯ ಪ್ರಕಾರ ನೀರನ್ನು ಹಂಚಿಕೊಳ್ಳುತ್ತಿದ್ದರು.

1978ರಲ್ಲಿ ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ತಮ್ಮ ಗ್ರಂಥದ ಮೂಲಕ ಪರ್ಮಾಕಲ್ಚರ್, ಅಂದರೆ ಶಾಶ್ವತ ಕೃಷಿ, ಎಂಬ ವಿಚಾರವನ್ನು ಪ್ರಚಾರಕ್ಕೆ ತಂದರು. ಭೂಮಿಯ ಪಾಲನೆ, ಜನರ ಪಾಲನೆ, ಬಳಕೆಗೆ ಮಿತಿ ಹಾಕಿ ಮಿಕ್ಕಿದ್ದನ್ನು ಹಂಚುವುದು ಎಂಬಿವು ಅದರ ನೀತಿಗಳು. ಮೊದಲು ನಿಸರ್ಗವನ್ನು ಗಮನಿಸು, ಬಳಿಕ ಕೈಹಾಕು ಎಂಬುದು ಅದರ ವಿಧಾನ. 1997ರಲ್ಲಿ ಅಮೆರಿಕದ ಜನೀನ್ ಬೆನ್ಯಸ್ ನಿಸರ್ಗವನ್ನು ಅನುಸರಿಸಿ ವಸ್ತುಗಳನ್ನು ರೂಪಿಸುವ ವಿದ್ಯೆಯ ಕುರಿತು ಗ್ರಂಥ ಬರೆದರು. ನಿಸರ್ಗವನ್ನು ಅಳತೆಗೋಲಾಗಿ, ಗುರುವಾಗಿ ಕಾಣಬೇಕೆಂಬುದು ಅವರ ಆಶಯ. ಈ ಹೆಸರುಗಳಾವುವೂ ತಿಳಿಯದ ರೈತರು ತಲಪರಿಗೆಯಲ್ಲಿ ಇವೆರಡನ್ನೂ ಸಾಧಿಸಿದ್ದರು.

ಆದರೆ ಇದರ ಮರ್ಮ ಕೇವಲ ಜಾಣ್ಮೆಯಲ್ಲಿಲ್ಲ, ಮಿತಿಯಲ್ಲಿದೆ. ತಲಪರಿಗೆಯು ಜಿನುಗಿದಷ್ಟನ್ನೇ ಕೊಡುತ್ತದೆ. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಅದು ಬಡ್ಡಿಯಲ್ಲಿ ಬಾಳುವ ಸಂಸಾರ. 1970ರ ದಶಕದಿಂದೀಚೆಗೆ ಹಬ್ಬಿದ ಕೊಳವೆಬಾವಿ ಅಸಲಿಗೇ ಕೈಹಾಕಿತು. ಹೊಳೆಗಳ ಮರಳು ಕಟ್ಟಡಗಳಿಗೆ ಸಾಗಿತು. ನೀರಿನ ಉಗ್ರಾಣವೇ ಬರಿದಾಯಿತು. ಅನೇಕ ತಲಪರಿಗೆಗಳು ಬತ್ತಿದವು. ಆಳದಿಂದೆತ್ತಿದ ನೀರಿನೊಡನೆ ಫ್ಲೋರೈಡ್ ಬಂದು, ಪಾವಗಡದ ಮಕ್ಕಳ ಹಲ್ಲುಗಳ ಮೇಲೆ ಕಲೆಯಾಗಿ ಕಾಣಿಸಿತು. 2011ರಲ್ಲಿ ರಾಜ್ಯವು ಅಂತರ್ಜಲ ನಿಯಂತ್ರಣಕ್ಕಾಗಿ ಕಾಯಿದೆ ಮಾಡಬೇಕಾಯಿತು. ಹಿಂದೆ ತೋಡಿನ ರಚನೆಯೇ ವಿಧಿಸುತ್ತಿದ್ದ ಮಿತಿಯನ್ನು ಈಗ ಕಾನೂನು ವಿಧಿಸಬೇಕಾಗಿದೆ.

ಮೋಟಾರಿನ ಗುಂಡಿಗೆ ಸಾಕು ಎಂಬುದು ತಿಳಿಯದು. ಸಾಕೆನ್ನಬೇಕಾದವನು ಅದನ್ನು ಒತ್ತುವ ಮನುಷ್ಯ. ಪರಿಗ್ರಹಕ್ಕೆ ಪರಿಮಾಣವನ್ನು ನಿಶ್ಚಯಿಸುವ ಅಣುವ್ರತವನ್ನು ಬಲ್ಲ ಗೃಹಸ್ಥರಿಗೆ ಇದು ಹೊಸ ಮಾತಲ್ಲ. ಆ ಪರಿಮಾಣ ಹೊನ್ನಿಗೆ, ಹೊಲಕ್ಕೆ ಅನ್ವಯಿಸುವಂತೆ ನೆಲದೊಳಗಿನ ನೀರಿಗೂ ಅನ್ವಯಿಸಬೇಕು. ಜಮೀನುಳ್ಳ ಕುಟುಂಬಗಳೂ ಬಸದಿಗಳ ಆಡಳಿತ ಮಂಡಳಿಗಳೂ ಹೊಸ ಕೊಳವೆಬಾವಿಗೆ ಹಣ ತೆಗೆದಿಡುವ ಮುನ್ನ, ಹತ್ತಿರದ ಹಳ್ಳದಲ್ಲಿ ಹೂತುಹೋದ ತಲಪರಿಗೆ ಇದೆಯೇ ಎಂದು ಊರ ಹಿರಿಯರನ್ನು ಒಮ್ಮೆ ಕೇಳುವುದು ಉಚಿತ.