ವಿಮಾನದ ಸ್ಟಾಲ್: ಮೊದಲು ಮೂತಿ ತಗ್ಗಬೇಕು

ಸ್ಟಾಲ್ ಎಂದರೆ

ಸ್ಟಾಲ್ ಎಂದೊಡನೆ ಎಂಜಿನ್ ನಿಂತಿತೆಂದು ಹಲವರು ತಿಳಿಯುತ್ತಾರೆ. ಆದರೆ ಇದು ರೆಕ್ಕೆಯ ವಿಷಯ. ರೆಕ್ಕೆಗೆ ಅಂಟಿಕೊಂಡು ಹರಿಯುವ ಗಾಳಿ ವಿಮಾನವನ್ನು ಎತ್ತಿ ಹಿಡಿದಿರುತ್ತದೆ. ಎದುರುಗಾಳಿಗೆ ರೆಕ್ಕೆಯ ಓರೆ ಸುಮಾರು 15 ಡಿಗ್ರಿ ದಾಟಿದರೆ ಆ ಹರಿವು ಕಳಚಿ ಸುಳಿಯಾಗುತ್ತದೆ, ಎತ್ತುವ ಬಲ ಕುಸಿಯುತ್ತದೆ. ಮರವಂತೆ ಕಡಲಂಚಿನಲ್ಲಿ ಗಾಳಿಗೆ ರೆಕ್ಕೆಯೊಡ್ಡಿ ತೇಲುವ ಗರುಡನನ್ನು ಪಕ್ಕದ ನಾವುಂದದವರು ನೋಡಿಯೇ ಇರುತ್ತಾರೆ. ಓರೆ ಮಿತಿಮೀರಿದರೆ ಅದಕ್ಕೂ ಆಸರೆ ತಪ್ಪುತ್ತದೆ.

ಪೈಲಟ್ ಮಾಡಬೇಕಾದ್ದು

ವಿಮಾನ ಕುಸಿಯುವಾಗ ಮೂತಿ ಎತ್ತಬೇಕೆನಿಸುವುದು ಸಹಜ. ಅಪಾಯವಿರುವುದೂ ಅಲ್ಲೇ. ಮೊದಲು ಕಂಟ್ರೋಲ್ ಮುಂದಕ್ಕೆ ತಳ್ಳಿ ಮೂತಿ ತಗ್ಗಿಸಬೇಕು. ರೆಕ್ಕೆ ಮತ್ತೆ ಗಾಳಿ ಹಿಡಿದ ಮೇಲೆ ವಾಲಿದ್ದನ್ನು ಸರಿಮಾಡಿ, ಎಂಜಿನ್ ಬಲ ಕೊಟ್ಟು, ಮೆಲ್ಲಗೆ ಮೇಲೇರಬೇಕು. 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447ರಲ್ಲಿ ಸ್ಟಾಲ್ ಎಚ್ಚರಿಕೆ ಮೊಳಗುತ್ತಿದ್ದರೂ ಕಂಟ್ರೋಲನ್ನು ಬಹುಪಾಲು ಹಿಂದಕ್ಕೇ ಎಳೆಯಲಾಗಿತ್ತು. 228 ಮಂದಿ ಸತ್ತರು. ಎತ್ತರ ಕಳೆದುಕೊಳ್ಳಬಾರದೆಂದು ಒತ್ತಿ ಹೇಳುತ್ತಿದ್ದ ಹಳೆಯ ತರಬೇತಿ ಆಮೇಲೆ ಬದಲಾಯಿತು.

ಕಾಕ್‌ಪಿಟ್‌ನ ಕಾವಲು

ಎಟಿಆರ್‌ನಂಥ ವಿಮಾನಗಳಲ್ಲಿ ಸ್ಟಾಲ್ ಹತ್ತಿರವಾದರೆ ಸ್ಟಿಕ್ ಶೇಕರ್ ಕಂಟ್ರೋಲನ್ನು ಗಡಗಡ ಅಲುಗಿಸುತ್ತದೆ. ಅದಕ್ಕೂ ಜಗ್ಗದಿದ್ದರೆ ಸ್ಟಿಕ್ ಪುಷರ್ ತಾನೇ ಮುಂದಕ್ಕೆ ನೂಕುತ್ತದೆ. ಏರ್‌ಬಸ್ ಎ320ಯಲ್ಲಿ ಸಾಮಾನ್ಯ ಸ್ಥಿತಿಯಲ್ಲಿ ಪೈಲಟ್ ಎಷ್ಟೇ ಎಳೆದರೂ ಕಂಪ್ಯೂಟರ್ ಓರೆಯನ್ನು ಮಿತಿಯೊಳಗೇ ಇಡುತ್ತದೆ. ಆಲ್ಫಾ ಫ್ಲೋರ್ ಎಂಬ ಏರ್ಪಾಡು ಎಂಜಿನ್‌ಗೆ ಪೂರ್ತಿ ಬಲ ಕೊಡುತ್ತದೆ.

ಬೆಂಗಳೂರು, 1990

ಈ ಕಾವಲಿನ ಮಿತಿ ತಿಳಿಯಲು ದೂರ ಹೋಗಬೇಕಿಲ್ಲ. 1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605, ಹೊಸದಾದ ಎ320, ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಓಪನ್ ಡಿಸೆಂಟ್ ಮೋಡ್‌ನಲ್ಲಿ ಎಂಜಿನ್‌ಗಳು ಐಡಲ್‌ನಲ್ಲೇ, ಅಂದರೆ ಕನಿಷ್ಠ ಬಲದಲ್ಲೇ, ಇದ್ದವು. 132 ನಾಟ್ ಇರಬೇಕಿದ್ದ ವೇಗ 106ರವರೆಗೆ ಇಳಿಯಿತು. ಅದು ಗಮನಕ್ಕೆ ಬಂದು ಪೂರ್ತಿ ಬಲ ಕೇಳುವ ಹೊತ್ತಿಗೆ ನೆಲ ತೀರಾ ಹತ್ತಿರವಿತ್ತು. ಜೆಟ್ ಎಂಜಿನ್ ಐಡಲ್‌ನಿಂದ ಪೂರ್ತಿ ಬಲಕ್ಕೇರಲು ಹಲವು ಸೆಕೆಂಡು ಬೇಕು, ಅಷ್ಟೂ ಉಳಿದಿರಲಿಲ್ಲ. ವಿಮಾನ ರನ್‌ವೇಗೆ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ತೀರಿಕೊಂಡರು.

ನ್ಯಾಯಮೂರ್ತಿ ಶಿವಶಂಕರ ಭಟ್ಟರ ತನಿಖೆ, ವೇಗ ಕುಸಿದದ್ದನ್ನು ಪೈಲಟ್‌ಗಳು ಸಕಾಲದಲ್ಲಿ ಗ್ರಹಿಸಲಿಲ್ಲವೆಂದಿತು. ನನಗೆ ಮುಖ್ಯವೆನಿಸುವುದು ಬೇರೆ: ಮೂತಿ ತಗ್ಗಿಸಿ ವೇಗ ಗಳಿಸಲು ಅಲ್ಲಿ ಎತ್ತರವೇ ಇರಲಿಲ್ಲ, ಎತ್ತರವನ್ನು ಯಾವ ಕಂಪ್ಯೂಟರೂ ಕೊಡಲಾರದು. ಈಗ ಇಳಿಯುವಾಗ ಸಾಮಾನ್ಯವಾಗಿ 1,000 ಅಡಿಗೇ ವೇಗ, ಎಂಜಿನ್ ಬಲ, ಇಳಿತದ ದರ ಹದಕ್ಕೆ ಬಂದಿರಬೇಕು. ಬಾರದಿದ್ದರೆ ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರುವುದು.