ಸಾರಾಯಿ ಹೋದ ವರ್ಷ, ವೈನ್ ಬಂದ ವರ್ಷ

ತಲಕಾಡಿನ ಮರಳು ತುಳಿದು, ವಿಷ್ಣುವರ್ಧನನ ಕಾಲದ ಕೀರ್ತಿನಾರಾಯಣನನ್ನು ನೋಡಿ ಮದ್ದೂರಿನ ಮೇಲೆ ಬೆಂಗಳೂರಿಗೆ ಮರಳುವವರಿಗೆ ಚನ್ನಪಟ್ಟಣದ ಹೆರಿಟೇಜ್ ವೈನರಿಯಲ್ಲಿ ಇನ್ನೊಂದು ದರ್ಶನವಿದೆ: ದ್ರಾಕ್ಷಿ ವೈನ್ ಆಗುವ ಬಗೆಯನ್ನು ತಿಳಿದು, ಗುಟುಕು ಗುಟುಕಾಗಿ ರುಚಿ ನೋಡುವುದು. ಹೆಸರು ಹೆರಿಟೇಜ್ ಆದರೂ ಈ ಪರಂಪರೆ ಹಳೆಯದಲ್ಲ. ಕುಡಿತವೇನೋ ಹಳೆಯದು, ಗಂಗರು ತಲಕಾಡಿನಲ್ಲಿದ್ದ 10ನೆಯ ಶತಮಾನದಲ್ಲೇ ಪಂಪ ಕುಡುಕರ ಗೋಷ್ಠಿಯನ್ನು ಬಣ್ಣಿಸಿದ್ದಾನೆ. ವೈನ್ ಉದ್ಯಮ ಬೇರೂರಿದ್ದು ಮಾತ್ರ 1980ರ ದಶಕದಲ್ಲಿ, ನಂದಿಬೆಟ್ಟದ ತಪ್ಪಲಿನ ಗ್ರೋವರ್ ತೋಟಗಳಿಂದ.

ಕರ್ನಾಟಕದ ವೈನ್ ನೀತಿ 2007ರದು. ಅದೇ ವರ್ಷ ಜುಲೈ 1ರಿಂದ ಸಾರಾಯಿ ನಿಷೇಧ. ಸಾರಾಯಿ ಹಾಳುಮಾಡಿದ ಮನೆಗಳು ಸುಳ್ಳಲ್ಲ, ಹೆಂಗಸರ ಹೋರಾಟವೂ ಸುಳ್ಳಲ್ಲ. ಆದರೂ ಕೂಲಿಯವನ ಪ್ಯಾಕೆಟ್ಟು ಪಿಡುಗಾದ ವರ್ಷವೇ ಅತಿಥಿಯ ಗ್ಲಾಸು ಕೃಷಿಗೆ ಪ್ರೋತ್ಸಾಹವೆನಿಸಿತು. ರುಚಿ ನೋಡುವ ಮೇಜಿನಲ್ಲಿ ದ್ರಾಕ್ಷಿಯ ತಳಿಯ ಜೊತೆ ಈ ಕತೆಯನ್ನೂ ಹೇಳಬೇಕು.